ಬಲಕ್ಕೆ ಸರಿದ ಅಕ್ಷರಗಳು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಅಕ್ಕ ತನ್ನ ಬಲಗೈ ಹೆಬ್ಬೆರಳಿನಿಂದ, ಮೂರು ತಿಂಗಳಿಂದ ಬರೆಯುತ್ತಿದ್ದ ಬರಹದ ಎರಡನೆಯ ಸಾಲಿನೊಳಗೆ ಒಂದು ಪದ ಸೇರಿಸುತ್ತಿದ್ದಳು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದು ಅವಳು ಟೈಪು ಮಾಡುವ ಯಂತ್ರದಿಂದ. ಬರಹ ಕೊನೆಯ ಬಾರಿ ಬದಲಾದದ್ದು ಯಾವಾಗ ಎಂದು ಅದು ತಾನಾಗಿಯೇ ಗುರುತು ಹಾಕಿಕೊಳ್ಳುತ್ತಿತ್ತು.

ಸೇರಿಸಬೇಕಿದ್ದ ಪದ ‘ಸಡಿಲವಾಗಿ’. ‘ಭುಜದ ಹತ್ತಿರ ಬಟ್ಟೆಯನ್ನು ಮಡಿಸಿ ಹಿಡಿಯಬೇಕು’ ಎಂದಿದ್ದುದನ್ನು ‘ಸಡಿಲವಾಗಿ ಮಡಿಸಿ’ ಎಂದು ಮಾಡಬೇಕಿತ್ತು. ಮೈಯಲ್ಲಿ ಆ ಹೆಬ್ಬೆರಳೊಂದೇ ಹೇಳಿದ ಮಾತು ಕೇಳುತ್ತಿದ್ದ ದಿನಗಳು ಅವು. ಒಂದು ಗುಂಡಿ ಒತ್ತಿ ಮುಂದಿನ ಗುಂಡಿಯವರೆಗೆ ಬೆರಳನ್ನು ಎಳೆದುಕೊಂಡು ಹೋಗುವಾಗ ಅವಳ ಕಣ್ಣು ಬೆರಳ ಮೇಲೆಯೇ ಇರುತ್ತಿತ್ತು, ಪರದೆಯ ಕಡೆಗೆ ಹೋಗುತ್ತಿರಲಿಲ್ಲ. ಪದ ಮುಗಿಸಿ ಕಣ್ಣೆತ್ತಿದಳು. ‘ಸಡಿಲವಾಗಿ’ ತಪ್ಪಿಲ್ಲದೆ ಬಂದಿತ್ತು. ಅದರ ಮುಂದೆ ಪರದೆಯ ತುದಿಯವರೆಗೆ, ಪರದೆಯನ್ನು ಸರಿಸಿದರೆ ಅದರ ಕೆಳಗೂ, ಅದರ ಕೆಳಗೂ ಒಂದೇ ಅಕ್ಷರ ಸಾಲುಗಟ್ಟಿ ನಿಂತಿತ್ತು. ಮಮಮಮಮಮಮಮ.

ಅವಳು ಓದಿಸುವ ಗುಂಡಿ ಒತ್ತಿದಳು. ಯಂತ್ರ ತನ್ನ ಏರಿಳಿತವಿಲ್ಲದ ಹೆಣ್ಣು ದನಿಯಲ್ಲಿ ಮೊದಲ ಸಾಲು ಓದಿ, ಎರಡನೆಯದಕ್ಕೆ ಬಂದು, “ಮ ಮ ಮ ಮ” ಎನ್ನತೊಡಗಿತು.

ಪಕ್ಕದ ಮೇಜಿನ ಮೇಲೆ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದ ಮಗಳು ನಕ್ಕುಬಿಟ್ಟಳು. “ಏನಮ್ಮಾ, ಹಾಲು ಕುಡಿಯೋ ಮಗು ಆಗ್ಬಿಟ್ಯಾ?” ಎಂದು ತಿರುಗಿದವಳು ತಾಯಿಯ ಮುಖ ನೋಡಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಆಮೇಲೆ ಮಾಮನಿಗೆ ಫೋನು ಮಾಡಿದಳು.

“ಮಾಮಾ, ನಿಮ್ಮ ಮಿಷನ್‌ಗೆ ಬಿಕ್ಕಳಿಕೆ ಹತ್ತಿದೆ. ಅಮ್ಮ ಅಳ್ತಿದಾಳೆ.”

ಮಾಮ, ಅಂದರೆ ಅಕ್ಕನ ಒಬ್ಬನೇ ತಮ್ಮ, ತೂಕದ ಯಂತ್ರಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವುಗಳ ಒಳಗಿನ ಪ್ರೋಗ್ರಾಮು ಬರೆಯುತ್ತಿದ್ದ. ಪರದೆಯ ಮೇಲೆ ಏನು ಕಾಣುತ್ತಿದೆ ಎಂದು ಕೇಳಿಕೊಂಡ.

“ಮಧ್ಯದಲ್ಲಿ ಏನಾದ್ರೂ ಸೇರಿಸಿದ್ಲಾ?”

“ಹೂಂ, ಮೇಲ್ಗಡೆ ಒಂದು ಪದ.”

“ಇನ್ನು ಯಾವ ಗುಂಡೀನೂ ಮುಟ್ಬೇಡಿ. ನಾನು ಬರ್ತೀನಿ.”

ಗುಂಡಿ ಮುಟ್ಟಿದರೂ ಒಂದೇ, ಬಿಟ್ಟರೂ ಒಂದೇ ಎಂದು ಫೋನು ಕೆಳಗಿಡುವ ಮೊದಲೇ ಅವನಿಗೆ ತಿಳಿದಿತ್ತು. ಆದರೂ ಹಾಗೆ ಹೇಳಿದ. ಏನನ್ನಾದರೂ ಹೇಳಬೇಕಿತ್ತು.

ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆಯುವ ಅಗಲದ ಕಿಟಕಿ, ಕಿಟಕಿಯ ಕೆಳಗೆ ಕತ್ತರಿಸುವ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಗೆ ಆಳೆತ್ತರದ ಕನ್ನಡಿ. ಕೊರಳಿನಿಂದ ಟೇಪು ಇಳಿಸಿದ್ದನ್ನು ಯಾರೂ ಕಂಡಿರದ ಕಾರಣ ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎನ್ನುತ್ತಿದ್ದರು. ಭಾವ ಲಾರಿ ಓಡಿಸುವವರು, ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ರಸ್ತೆಯ ಮೇಲೆ. ಮನೆ, ಅಂಗಡಿ, ಮಗಳು ಎಲ್ಲ ಅಕ್ಕನ ತಲೆಯ ಮೇಲೆ.

ನೆಟ್ಟಗಿರುವ ಮೈಗೆ ಬಟ್ಟೆ ಹೊಲಿಯುವವರು ಊರಿನಲ್ಲಿ ಬೇಕಾದಷ್ಟು ಜನರಿದ್ದರು. ಅಕ್ಕನ ಹತ್ತಿರ ಬರುತ್ತಿದ್ದವರು ಬೇರೆ. ಬೆನ್ನು ಬಾಗಿದ ಗಡಿಯಾರ ರಿಪೇರಿಯವನು, ಒಂದು ಸ್ತನ ತೆಗೆಸಿಕೊಂಡ ಅಂಚೆ ಕಚೇರಿಯ ಹೆಂಗಸು, ಗಾಲಿಕುರ್ಚಿಯ ಮೇಲೇ ದಿನ ಕಳೆಯುವ ಲೆಕ್ಕದ ಮೇಷ್ಟರು. ಗಡಿಯಾರದವನಿಗೆ ಅವಳು ಹೊಲಿದ ಕೋಟು ಹಾಕಿದರೆ ಹಿಂದಿನಿಂದ ನೋಡಿದವರಿಗೆ ಅವನು ಏನನ್ನೋ ಎತ್ತಿಕೊಳ್ಳಲು ಒಂದು ಗಳಿಗೆ ಬಗ್ಗಿದ್ದಾನೆ ಅನ್ನಿಸುತ್ತಿತ್ತು, ಅಷ್ಟೆ. ಕಾಗದದ ಅಚ್ಚು ಅವಳಲ್ಲಿ ಇರಲಿಲ್ಲ. ಬಟ್ಟೆಯನ್ನೇ ಮೈಮೇಲೆ ಹೊದಿಸಿ, ಎಲ್ಲಿ ಎಳೆಯುತ್ತದೆ, ಎಲ್ಲಿ ಜೋಲುತ್ತದೆ ಎಂದು ಬೆರಳಲ್ಲಿ ತಿಳಿದುಕೊಂಡು ಅಲ್ಲಲ್ಲೇ ಕತ್ತರಿ ಹಾಕುತ್ತಿದ್ದಳು. ಮಗಳಿಗೆ ಹೊಲಿಗೆ ಬರುತ್ತಿತ್ತು, ಗುಂಡಿಮನೆ, ಕಾಲರು, ಜೇಬು ಎಲ್ಲ ಅಚ್ಚುಕಟ್ಟು. ಆದರೆ ಕತ್ತರಿ ಅವಳ ಕೈಗೆ ಬಂದಿರಲಿಲ್ಲ. “ಇರು, ಕಲಿಸ್ತೀನಿ, ಏನು ರೈಲು ಬಿಟ್ಟುಹೋಗುತ್ತಾ?” ಎನ್ನುತ್ತಲೇ ಅಕ್ಕ ವರ್ಷಗಳನ್ನು ದೂಡಿದ್ದಳು.

ಕಾಯಿಲೆ ಮೊದಲು ಹಿಡಿದದ್ದು ನಾಲಿಗೆಯನ್ನು. ಮಾತು ತೊದಲಿತು, ಒಂದು ವರ್ಷದೊಳಗೆ ನಿಂತೇಹೋಯಿತು. ನರಗಳು ಒಂದೊಂದಾಗಿ ಕೈಬಿಡುತ್ತಾ ಹೋಗುತ್ತವೆ, ತಡೆಯುವ ಮದ್ದಿಲ್ಲ ಎಂದರು ಡಾಕ್ಟರು. ಆಮೇಲೆ ಎಡಗೈ, ಆಮೇಲೆ ಕಾಲು. ತಮ್ಮ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಕಾರ್ಖಾನೆಯಲ್ಲಿ ಮಿಕ್ಕಿದ್ದ ಒಂದು ಬೋರ್ಡು, ದೊಡ್ಡ ಗುಂಡಿಗಳ ಒಂದು ಹಲಗೆ, ಅಂಗೈಯಗಲದ ಪರದೆ, ಒಂದು ಸ್ಪೀಕರು ಸೇರಿಸಿ, ಟೈಪು ಮಾಡಿದ್ದನ್ನು ಓದಿ ಹೇಳುವ ಯಂತ್ರ ಕಟ್ಟಿಕೊಟ್ಟ. ಅಕ್ಕ ಅದರಲ್ಲಿ ಮೊದಲು ಹೇಳಿದ ಮಾತು, “ಸ್ಕ್ರೂ, ಈ ಹೆಂಗಸಿನ ಗಂಟಲಿಗೆ ನೆಗಡಿಯಾ?”

ಸ್ಕ್ರೂ ಎಂಬುದು ತಮ್ಮನಿಗೆ ಚಿಕ್ಕಂದಿನಲ್ಲಿ ಅವಳೇ ಇಟ್ಟ ಹೆಸರು. ಮನೆಯ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದಾಗ ಅವನ ಅಂಗೈಯಲ್ಲಿ ಒಂದು ಸ್ಕ್ರೂ ಉಳಿದುಬಿಟ್ಟಿತ್ತು.

ಬಲಗೈಯ ಬೆರಳುಗಳೂ ಸಡಿಲಗೊಳ್ಳತೊಡಗಿದಾಗ ಅಕ್ಕ ಬರೆಯಲು ಕೂತಳು. ವಾರೆ ಮೈಗೆ ಬಟ್ಟೆ ಕತ್ತರಿಸುವುದು ಹೇಗೆ ಎಂಬುದನ್ನು ಭುಜದಿಂದ ಶುರುಮಾಡಿ ಕಂಕುಳು, ಬೆನ್ನು, ಸೊಂಟ ಎಂದು ಇಳಿಯುತ್ತಾ ಕುರ್ಚಿಯಲ್ಲಿ ಕೂತ ಮೈಯವರೆಗೆ. ಅಂಗಡಿ ನಡೆಯಬೇಕಾದರೆ ಮಗಳಿಗೆ ಅದು ಬೇಕಿತ್ತು. ಅದಿಲ್ಲದಿದ್ದರೆ ಕಾಲರು, ಗುಂಡಿಗಳ ಸಂಪಾದನೆಯಲ್ಲಿ ಹೊಟ್ಟೆ ತುಂಬುವಂತಿರಲಿಲ್ಲ. ಬರೆಯುವಾಗ ಓದುವ ದನಿಯನ್ನು ಅಕ್ಕ ನಿಲ್ಲಿಸಿಡುತ್ತಿದ್ದಳು. ಪೂರ್ತಿಯಾಗದ ಬಟ್ಟೆಯನ್ನು ಗಿರಾಕಿಗೆ ತೋರಿಸುವುದು ಅವಳ ಪದ್ಧತಿಯಲ್ಲಿ ಇರಲಿಲ್ಲ. ಕಚ್ಚಾ ಹೊಲಿಗೆ ನೋಡಿದವರು ಬಾಯಿಗೆ ಬಂದದ್ದು ಹೇಳಿ ಕೆಲಸ ಕೆಡಿಸುತ್ತಾರೆ ಎಂಬುದು ಅವಳ ಅನುಭವ. ಬರಹಕ್ಕೂ ಅದೇ ಕಟ್ಟಳೆ. ಕೈ ಆಡುತ್ತಿದ್ದಷ್ಟು ದಿನ, ಮಗಳು ಹಿಂದಿನಿಂದ ಇಣುಕಿದರೆ ಪರದೆಯನ್ನು ಅಂಗೈಯಿಂದ ಮುಚ್ಚುತ್ತಿದ್ದಳು.

ಬರಹ ಬೆಳೆದಂತೆ ಯಂತ್ರ ನಿಧಾನವಾಯಿತು. ಅಕ್ಕ ಬರೆಯುತ್ತಿದ್ದುದೂ ಹೊಲಿಯುವವರ ಹಾಗೆಯೇ. ಬಿಗಿಯಾಯಿತು ಅನ್ನಿಸಿದರೆ ನಡುವೆ ಹೊಲಿಗೆ ಬಿಚ್ಚಿ ಒಂದು ತುಂಡು ಸೇರಿಸುವಂತೆ, ಹಿಂದಕ್ಕೆ ಹೋಗಿ ಸಾಲಿನ ನಡುವೆ ಒಂದು ಪದ ತೂರಿಸುತ್ತಿದ್ದಳು. ಹಾಗೆ ತೂರಿಸಿದಾಗಲೆಲ್ಲ ಮುಂದಿನ ಅಕ್ಷರಗಳಷ್ಟೂ ಒಂದೊಂದು ಸ್ಥಾನ ಬಲಕ್ಕೆ ಸರಿಯಬೇಕು. ತಮ್ಮ ಮೊದಲು ಬರೆದಿದ್ದ ಪ್ರೋಗ್ರಾಮು ಬರಹದ ಕಟ್ಟಕಡೆಯ ಅಕ್ಷರದಿಂದ ಹಿಮ್ಮುಖವಾಗಿ ಒಂದೊಂದನ್ನೇ ಎತ್ತಿಡುತ್ತಿತ್ತು. ಸರಿಯಾದದ್ದು, ಆದರೆ ಬಲು ನಿಧಾನ.

ಭಾನುವಾರ ಮನೆಗೆ ಬಂದವನಿಗೆ ಅಕ್ಕ ಟೈಪು ಮಾಡಿ ತೋರಿಸಿದಳು: “ಒಂದಕ್ಷರ ಒತ್ತಿ ಬಸ್ಸಿಗೆ ಕಾದ ಹಾಗೆ ಕಾಯ್ತೀನಿ. ಬೆರಳಿಗೆ ಅಷ್ಟು ಪುರಸೊತ್ತಿಲ್ಲ ಮಾರಾಯ.”

ಆ ಮಾತು ಅವನ ಎದೆಗೆ ನಾಟಿತು. ಅಲ್ಲೇ ಕೂತು ಪ್ರೋಗ್ರಾಮು ತಿದ್ದಿದ. ಬೋರ್ಡು ಮಾಡಿದವರೇ ಕೊಟ್ಟಿದ್ದ ಸಿದ್ಧ ಸಲಕರಣೆಗಳಲ್ಲಿ ಯಂತ್ರದ ನೆನಪಿನ ಒಂದು ಭಾಗವನ್ನು ಇನ್ನೊಂದೆಡೆಗೆ ಒಮ್ಮೆಲೇ ನಕಲು ಮಾಡುವಂಥವು ಎರಡಿದ್ದವು. ಒಂದು ವೇಗದ್ದು, ಕಣ್ಣು ಮುಚ್ಚಿಕೊಂಡು ಮೊದಲಿನಿಂದ ಕೊನೆಗೆ ನಕಲು ಮಾಡುತ್ತದೆ. ಇನ್ನೊಂದು, ಎಲ್ಲಿಂದ ತೆಗೆಯುತ್ತಿದ್ದೇವೆ, ಎಲ್ಲಿಗೆ ಇಡುತ್ತಿದ್ದೇವೆ, ಆ ಎರಡು ಜಾಗ ಒಂದರ ಮೇಲೊಂದು ಬೀಳುತ್ತವೆಯೇ ಎಂದು ನೋಡಿಕೊಂಡು, ಬಿದ್ದರೆ ಯಾವ ತುದಿಯಿಂದ ಶುರುಮಾಡಬೇಕೆಂದು ತೀರ್ಮಾನಿಸುತ್ತದೆ. ಬರಹವನ್ನು ಒಂದು ಅಕ್ಷರದಷ್ಟು ಸರಿಸುವಾಗ ಎರಡು ಜಾಗವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಎರಡನೆಯದೇ ಬೇಕು. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ಅವನು ಮೊದಲ ವಾರವೇ ಹೇಳಿಕೊಡುತ್ತಿದ್ದ ಪಾಠ ಇದು. ಅವತ್ತು ಅವನ ಕೈ ಬರೆದದ್ದು ಮೊದಲನೆಯದರ ಹೆಸರನ್ನು. ಅವನ ತಲೆಯಲ್ಲಿದ್ದದ್ದು ಬಸ್ಸು.

ಪರೀಕ್ಷಿಸಲಿಲ್ಲವೆಂದಲ್ಲ, ಪರೀಕ್ಷಿಸಿದ. ಮೊದಲು ತನ್ನ ಲ್ಯಾಪ್‌ಟಾಪಿನಲ್ಲಿ ನಡುವೆ ಪದ ಸೇರಿಸಿ ನೋಡಿದ, ಸರಿಹೋಯಿತು. ಲ್ಯಾಪ್‌ಟಾಪಿನಲ್ಲಿ ಆ ಎರಡು ಸಲಕರಣೆಗಳ ಒಳಗೂ ಇದ್ದದ್ದು ಒಂದೇ ಜಾಗರೂಕ ವಿಧಾನ ಎಂಬುದು ಆಮೇಲೆ ತಿಳಿಯಿತು. ಬೋರ್ಡಿನ ಮೇಲೆ ಕೊನೆಯಲ್ಲಿ ಬರೆದು ನೋಡಿದ, ನಡುವೆ ಅಳಿಸಿ ನೋಡಿದ. ಅಳಿಸಿದಾಗ ಅಕ್ಷರಗಳು ಎಡಕ್ಕೆ ಸರಿಯುತ್ತವೆ, ಎಡಕ್ಕೆ ಸರಿಸುವಾಗ ಮೊದಲಿನಿಂದ ಶುರುಮಾಡಿದರೆ ಅಪಾಯವಿಲ್ಲ. ಬೋರ್ಡಿನ ಮೇಲೆ ನಡುವೆ ಸೇರಿಸುವುದೊಂದನ್ನು ನೋಡಲಿಲ್ಲ. ಅವನು ಸ್ವತಃ ಯಾವತ್ತೂ ಹಾಗೆ ಬರೆಯುವವನಲ್ಲ. ತಪ್ಪಿದಲ್ಲಿಯವರೆಗೆ ಅಳಿಸಿ, ಅಲ್ಲಿಂದ ಮತ್ತೆ ಬರೆಯುವುದು ಅವನ ಕೈಯ ರೂಢಿ.

“ಬರೆದದ್ದರ ಒಂದು ನಕಲು ತೆಗೆದಿಡ್ಲಾ?” ಎಂದು ಹೊರಡುವ ಮುಂಚೆ ಕೇಳಿದ್ದ.

“ನೀನು ಓದ್ತೀಯ.”

“ಓದಲ್ಲ ಕಣೇ.”

“ರೇಡಿಯೋನೂ ಬಿಚ್ಚಲ್ಲ ಅಂದಿದ್ದೆ.”

ಮಗಳು ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕು, ಬ್ಯಾಗು ಹೆಗಲಿಗೇರಿಸಿ ಹೊರಟ. ಅವನು ಹೋದ ಮೇಲೆ ಅಕ್ಕ ನಡುವೆ ಎಲ್ಲೋ ಇದ್ದ ಒಂದು ಚಿಕ್ಕ ಸಾಲನ್ನು ಒಂದೇ ಸಲಕ್ಕೆ ಅಳಿಸಿ ಮಲಗಿದ್ದಳು. ಪದ ಸೇರಿಸಿದ್ದು ಮರುದಿನ ಬೆಳಿಗ್ಗೆ.

ಈಗ ಅವನು ಏದುಸಿರು ಬಿಡುತ್ತಾ ಅಂಗಡಿಯ ಬಾಗಿಲಲ್ಲಿ ನಿಂತಾಗ ಅಕ್ಕನ ಕಣ್ಣು ಒಣಗಿತ್ತು. ಮಗಳು ಅವಳ ಮುಖ ಒರೆಸಿ, ಕೂದಲು ಬಾಚಿ, ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದಿದ್ದಳು. ತಮ್ಮ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಸರಿಸಿ ನೋಡಿದ. ಒಂದೇ ಅಕ್ಷರ ನೂರಾರು ಸಾಲು. ಯಂತ್ರವನ್ನು ಆರಿಸಿ ಹಚ್ಚುವುದರಲ್ಲಿ ಅರ್ಥವಿರಲಿಲ್ಲ. ಕರೆಂಟು ಹೋದರೆ ಅಕ್ಕನ ಒಂದಕ್ಷರವೂ ಕಳೆಯಬಾರದೆಂದು, ಪ್ರತಿ ಬದಲಾವಣೆಯನ್ನೂ ಆ ಕ್ಷಣದಲ್ಲೇ ಕಾಯಂ ಮಾಡುವಂತೆ ಅವನೇ ಬರೆದಿದ್ದ.

“ಏನಾಯ್ತು ಮಾಮಾ, ಸರಿಯಾಗಿ ಹೇಳಿ,” ಎಂದಳು ಮಗಳು.

ಅವನು ಮೇಜಿನ ಮೇಲಿದ್ದ ಗುಂಡಿಗಳ ಡಬ್ಬಿ ತೆಗೆದು ಬಣ್ಣಬಣ್ಣದ ಐದಾರು ಗುಂಡಿಗಳನ್ನು ಸಾಲಾಗಿ ಜೋಡಿಸಿದ. ಜೋಡಿಸಿದವನು ಅಲ್ಲಿಗೇ ನಿಲ್ಲಿಸಿದ. ಗುಂಡಿಯ ಮೇಲೆ ಗುಂಡಿ ಇಟ್ಟರೆ ಕೆಳಗಿನದು ಕೆಳಗೇ ಇರುತ್ತದೆ, ಇಲ್ಲಿ ಹಾಗಾಗಿರಲಿಲ್ಲ. ಮಗಳ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ಮೇಜಿನ ಮೇಲೆ ‘ಮಡಿಸಿ’ ಎಂದು ಬಿಡಿಬಿಡಿಯಾಗಿ ಬರೆದ.

“ಇವನ್ನೆಲ್ಲ ಒಂದೊಂದು ಮನೆ ಬಲಕ್ಕೆ ಸರಿಸ್ಬೇಕು. ಕೊನೇದರಿಂದ ಶುರು ಮಾಡಿದ್ರೆ ಸರಿಯಾಗುತ್ತೆ. ಮೊದಲನೇದರಿಂದ ಮಾಡಿದ್ರೆ, ಎರಡನೇ ಮನೇಲಿ ‘ಮ’ ಬರೀತೀವಿ.” ಅಂಗೈಯಿಂದ ‘ಡಿ’ಯನ್ನು ಒರೆಸಿ ಅಲ್ಲಿ ‘ಮ’ ಬರೆದ. “ಈಗ ಎರಡನೇದನ್ನ ಮೂರನೇ ಮನೆಗೆ ತಗೊಂಡು ಹೋಗ್ಬೇಕು. ಎರಡನೇ ಮನೇಲಿ ಏನಿದೆ?”

“ಮ.”

“ಮೂರನೇದಕ್ಕೂ ಅದೇ. ನಾಲ್ಕನೇದಕ್ಕೂ ಅದೇ. ಕೊನೇವರೆಗೂ.”

ಮಗಳು ಸೀಮೆಸುಣ್ಣದ ಗುರುತುಗಳನ್ನೇ ನೋಡುತ್ತಿದ್ದಳು. “ಸರಿ. ಅದನ್ನೇ ಉಲ್ಟಾ ಓಡಿಸಿ.”

“ಉಲ್ಟಾ ಓಡಿಸಿದ್ರೂ ‘ಮ’ನೇ ಸಿಗೋದು.”

“ಕೆಳಗಡೆ ಮುಚ್ಚಿಹೋಗಿರುತ್ತಲ್ಲಾ? ಬಿಚ್ಚಕ್ಕಾಗಲ್ವಾ?”

“ಕೆಳಗಡೆ ಅಂತ ಏನೂ ಇಲ್ಲ ಪುಟ್ಟಿ. ಒಂದು ಮನೇಲಿ ಒಂದೇ ಅಕ್ಷರ ಇರೋದು.”

ಅಷ್ಟರಲ್ಲಿ ಅಕ್ಕ ಟೈಪು ಮಾಡತೊಡಗಿದ್ದಳು. ಸಣ್ಣ ಮಾತುಗಳಿಗೆಂದು ಯಂತ್ರದಲ್ಲಿ ಬೇರೆಯೇ ಒಂದು ಜಾಗವಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಇಬ್ಬರೂ ಸುಮ್ಮನೆ ಕಾದರು. ಯಂತ್ರ ಹೇಳಿತು: “ಸ್ಕ್ರೂ, ನಿನ್ನ ಹಾಗೇ ಇದು. ಹೇಳಿದ್ದೇ ಹೇಳುತ್ತೆ.”

ಯಾರೂ ನಗಲಿಲ್ಲ. ಅವಳು ಮತ್ತೆ ಟೈಪು ಮಾಡಿದಳು. “ತಿಂಡಿ ತಿಂದ್ಯಾ.”

ತಮ್ಮ ಯಂತ್ರವನ್ನು ಕಾರ್ಖಾನೆಗೆ ಒಯ್ದ. ನೆನಪಿನ ಚಿಪ್ ಅನ್ನು ಬೋರ್ಡಿನಿಂದ ಬಿಡಿಸಿ, ಅದರ ಪ್ರತಿಯೊಂದು ಮನೆಯನ್ನೂ ಒಂದೂ ಬಿಡದೆ ಓದಿಸಿದ. ಎಲ್ಲಿ ನೋಡಿದರೂ ‘ಮ’. ಆದರೆ ಬರಹ ಮುಗಿಯುವ ಜಾಗದಿಂದ ಆಚೆ, ಯಂತ್ರದ ಲೆಕ್ಕದಲ್ಲಿ ಖಾಲಿ ಎನಿಸಿಕೊಂಡ ಮನೆಗಳಲ್ಲಿ, ಒಂದು ಚೂರು ಉಳಿದಿತ್ತು. ಹಿಂದಿನ ರಾತ್ರಿ ಅಕ್ಕ ಸಾಲು ಅಳಿಸಿದಾಗ ಬರಹವೆಲ್ಲ ಎಡಕ್ಕೆ ಸರಿದು, ಅದರ ಹಳೆಯ ಬಾಲ ಅಲ್ಲಿಯೇ ಬಿದ್ದುಕೊಂಡಿತ್ತು. ‘ತಾಗ ಅಳತೆ ಬೇರೆ.’ ಅದರ ಹಿಂದಿನ ಅಕ್ಷರವನ್ನು ‘ಮ’ ನುಂಗಿತ್ತು.

ಮೂರು ತಿಂಗಳ ಬರಹದಲ್ಲಿ ಸಿಕ್ಕಿದ್ದು ಮೊದಲ ಒಂದೂವರೆ ಸಾಲು, ಕೊನೆಯ ಎರಡೂವರೆ ಪದ.

ಪ್ರೋಗ್ರಾಮಿನಲ್ಲಿ ಆ ಒಂದು ಹೆಸರು ಬದಲಿಸಿದ. ಅಷ್ಟೇ ಇದ್ದದ್ದು ಕೆಲಸ. ಈ ಸಲ ಬೋರ್ಡಿನ ಮೇಲೆಯೇ ನಡುವೆ ಪದ ಸೇರಿಸಿ ನೋಡಿದ, ಮತ್ತೆ ಮತ್ತೆ ನೋಡಿದ, ಅಕ್ಷರಗಳು ಕೈಕಟ್ಟಿಕೊಂಡು ನಿಂತ ಮಕ್ಕಳ ಹಾಗೆ ಸರಿದು ಸರಿದು ಜಾಗ ಬಿಟ್ಟವು. ವೇಗವೂ ಚೆನ್ನಾಗಿತ್ತು.

ಯಂತ್ರ ಮರಳಿ ಬಂದ ದಿನವೇ ಅಕ್ಕ ಮೊದಲಿನಿಂದ ಶುರುಮಾಡಿದಳು. “ಮತ್ತೆ ಬರೀತೀನಿ ಬಿಡು. ಮೊದಲನೇ ಅಂಗಿ ಯಾರದ್ದೂ ನೆಟ್ಟಗಿರಲ್ಲ.” ಈ ಬಾರಿ ಕಟ್ಟಳೆ ಸಡಿಲಿಸಿದಳು, ಸಂಜೆಗೊಮ್ಮೆ ನಕಲು ತೆಗೆದಿಡಲು ಒಪ್ಪಿದಳು. ತಮ್ಮ ದಿನವೂ ಕೆಲಸ ಮುಗಿಸಿ ಬಂದು ನಕಲು ತೆಗೆಯುತ್ತಿದ್ದ. ಮೊದಲ ಸಂಜೆ ನಾಲ್ಕು ಸಾಲಿತ್ತು. ಮರುದಿನ ಎರಡು. ವಾರದ ಕೊನೆಗೆ ಒಂದು ಪದ, ಅದೂ ಅರ್ಧ. ಆಮೇಲೆ ಹೆಬ್ಬೆರಳು ಗುಂಡಿಯ ಮೇಲೆ ಕೂರುತ್ತಿತ್ತು, ಒತ್ತುತ್ತಿರಲಿಲ್ಲ. ಅವನು ಮೃದುವಾದ ಗುಂಡಿಗಳನ್ನು ಹಾಕಿದ. ಇನ್ನೂ ಮೃದುವಾದವನ್ನು ಹಾಕಿದ. ಕೊನೆಗೆ ಬರೀ ಮುಟ್ಟಿದರೆ ಸಾಕು ಎನ್ನುವಂಥವನ್ನು ತಂದ. ಅಷ್ಟರಲ್ಲಿ ಬೆರಳು ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗುವುದನ್ನೇ ನಿಲ್ಲಿಸಿತ್ತು.

ಕಣ್ಣು ಮಾತ್ರ ಉಳಿಯಿತು. ಒಮ್ಮೆ ಮಿಟುಕಿಸಿದರೆ ಹೌದು, ಎರಡು ಸಲಕ್ಕೆ ಅಲ್ಲ. ಮಗಳು ಎದುರು ಕೂತು, ಮಾಮ ಚೀಟಿಯಲ್ಲಿ ಬರೆದುಕೊಟ್ಟಿದ್ದ ಆ ಎರಡೂವರೆ ಪದವನ್ನು ತೋರಿಸಿದಳು.

“ಇದು ನಿಂತಾಗ ಅಂತಲಾ?”

ಎರಡು ಸಲ.

“ಕೂತಾಗ?”

ಒಂದು ಸಲ.

“ಕೂತಾಗ ಅಳತೆ ಬೇರೆ. ಸರಿ. ಎಷ್ಟು ಬೇರೆ, ಒಂದಿಂಚಾ?”

ಅಕ್ಕ ರೆಪ್ಪೆ ಅಲುಗಿಸಲಿಲ್ಲ. ಎರಡಿಂಚಾ, ಅರ್ಧ ಇಂಚಾ, ಬೆನ್ನಿಗಾ, ಸೊಂಟಕ್ಕಾ ಎಂದು ಮಗಳು ಕೇಳುತ್ತಾ ಹೋದಳು. ಹೌದೂ ಅಲ್ಲ, ಅಲ್ಲವೂ ಅಲ್ಲ ಎಂಬ ಪ್ರಶ್ನೆಗಳಿಗೆ ಮಿಟುಕಿಸುವುದು ಹೇಗೆ? ಮಗಳು ಗಡಿಯಾರ ರಿಪೇರಿಯವನನ್ನು ಕರೆತಂದು ಎದುರಿಗೆ ನಿಲ್ಲಿಸಿ, ಬಟ್ಟೆ ಹೊದಿಸಿ, ಇಲ್ಲಿ ಕತ್ತರಿಸ್ಲಾ, ಇಲ್ಲಾ ಎಂದು ಸೀಮೆಸುಣ್ಣ ಸರಿಸಿ ಸರಿಸಿ ಕೇಳಿದಳು. ಬಟ್ಟೆ ಎಲ್ಲಿ ಎಳೆಯುತ್ತಿದೆ ಎಂದು ಕುರ್ಚಿಯಿಂದ ಕಾಣುತ್ತಿರಲಿಲ್ಲ, ಅದನ್ನು ಮುಟ್ಟಿ ತಿಳಿಯಬೇಕು. ಅಕ್ಕನ ಕೈಯನ್ನೆತ್ತಿ ಅವನ ಬೆನ್ನಿನ ಮೇಲಿಟ್ಟಳು. ಕೈ ಅಲ್ಲಿ ಸ್ವಲ್ಪ ಹೊತ್ತು ಇದ್ದು ಜಾರಿತು. ಗಡಿಯಾರದವನು ಬಗ್ಗಿದವನು ಬಗ್ಗಿಯೇ, “ಪರವಾಗಿಲ್ಲ ಟೇಪಕ್ಕ, ಹಳೇ ಕೋಟು ಇನ್ನೂ ಗಟ್ಟಿಯಾಗಿದೆ. ನನಗಿಂತ ಅದೇ ಹೆಚ್ಚು ದಿನ ಬಾಳುತ್ತೆ,” ಎಂದ.

ಅವನು ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ. ಮಾತಿದ್ದ ಕಾಲದಲ್ಲಿ ಟೇಪಕ್ಕ ಅಳತೆ ತೆಗೆಯುವಾಗ ಅಂಕಿಗಳನ್ನು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು, ಬೆನ್ನಿಗೆ ‘ಎರಡೂಮುಕ್ಕಾಲು ಇಂಚು ಹೆಚ್ಚು’ ಅಂದಿದ್ದು ತನ್ನ ಕಿವಿಯಲ್ಲಿ ಇನ್ನೂ ಇದೆ ಎಂದ. ಮಗಳು ಅದನ್ನೇ ಹಿಡಿದುಕೊಂಡಳು. ಅಂಚೆ ಕಚೇರಿಗೆ ಹೋದಳು, ಮೇಷ್ಟರ ಮನೆಗೆ ಹೋದಳು. ಅಮ್ಮ ನಿಮಗೆ ಏನಂದಿದ್ದಳು, ಯಾವ ಜಾಗಕ್ಕೆ, ಹೆಚ್ಚೋ ಕಡಿಮೆಯೋ? ಕೆಲವರಿಗೆ ನೆನಪಿತ್ತು, ಹಲವರಿಗೆ ಇರಲಿಲ್ಲ. ಅಂಕಿಗಳು ಸಿಕ್ಕವು. ಅವನ್ನು ಬಟ್ಟೆಯಲ್ಲಿ ಎಲ್ಲಿ ಕೂಡಬೇಕು, ಎಲ್ಲಿ ಕಳೆಯಬೇಕು ಎಂಬುದು ಯಾರಿಗೂ ತಿಳಿದಿರಲಿಲ್ಲ. ಮಗಳು ಕತ್ತರಿಸಿದ ಮೊದಲ ಕೋಟು ಗಡಿಯಾರದವನ ಕುತ್ತಿಗೆಯ ಹಿಂದೆ ಗೂಡಿನಂತೆ ಎದ್ದು ನಿಂತಿತು.

ಒಂದು ಸಂಜೆ ತಮ್ಮ ಬಂದು ಎಂದಿನಂತೆ ಯಂತ್ರದ ಪಕ್ಕ ಕೂತ. ನಕಲು ತೆಗೆಯಲು ಹೊಸದೇನೂ ಇರಲಿಲ್ಲ. ಕಿಟಕಿಯ ಹತ್ತಿರ ಅಕ್ಕ ಕಣ್ಣು ಮುಚ್ಚಿದ್ದಳು. ನಿದ್ದೆಯೋ ಎಚ್ಚರವೋ ಹೇಳುವಂತಿರಲಿಲ್ಲ.

“ಮಾಮಾ, ನಿಮಗೂ ಕೋಟು ಹೊಲಿದಿದ್ಲಲ್ಲ, ಕೆಲಸಕ್ಕೆ ಸೇರಿದಾಗ. ನಿಮಗೇನಂದ್ಲು?” ಎಂದು ಮಗಳು ಕೇಳಿದಳು.

ಅವನಿಗೆ ನೆನಪಿತ್ತು. ಕನ್ನಡಿಯ ಮುಂದೆ ನಿಲ್ಲಿಸಿ, ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ, ಅವನ ಎರಡು ಭುಜಗಳ ಮೇಲೂ ಅಂಗೈ ಊರಿ ನೋಡಿ, ಅಂಕಿಯೊಂದನ್ನು ಹೇಳಿಕೊಂಡಿದ್ದಳು. ದಿನಾ ಆ ಎಡ ಹೆಗಲಿಗೇ ಬ್ಯಾಗು ಹಾಕ್ತೀಯ, ಅಲ್ವಾ ಸ್ಕ್ರೂ, ಎಂದು ಬೈದಿದ್ದಳು. ಆಮೇಲೆ ಹೊಲಿದುಕೊಟ್ಟ ಕೋಟಿನಲ್ಲಿ ಅವನ ಎರಡು ಭುಜವೂ ಸಮ. ಹೇಗೆ ಸಮವಾದವು ಎಂದು ಅವನು ಕೇಳಿರಲಿಲ್ಲ. ಈಗ ಅಕ್ಕನ ರೆಪ್ಪೆಗಳ ಕಡೆ ನೋಡಿದ. ಅವು ಅಲುಗಲಿಲ್ಲ.

“ಎಡಗಡೆ ಕೆಳಗೆ ಅಂದ್ಲು,” ಎಂದ. “ಮುಕ್ಕಾಲು ಇಂಚು.”